ದೆವ್ವ ನಂಬದ ಪತ್ತೇದಾರನ ಹಳೇ ಕೋಟು

ಸೂರ್ಯ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಸೈತಾಮಾ ನಗರದ ಅಂಚಿನಲ್ಲಿ, ಜನ ಖಾಲಿ ಮಾಡಿ ಹೋದ ಹಳೇ ವಸತಿ ಕಟ್ಟಡದ ಮೆಟ್ಟಿಲ ಮೇಲೆ ಒಬ್ಬ ಪತ್ತೇದಾರ ಮತ್ತು ಒಂದು ದೆವ್ವ ಅಕ್ಕಪಕ್ಕ ಕೂತು ಅನ್ನದುಂಡೆ ತಿನ್ನುತ್ತಿದ್ದಾರೆ. ದೆವ್ವ ತನ್ನ ಮಾರುದ್ದದ ಕೂದಲನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಎತ್ತಿ ಕಟ್ಟಿಕೊಂಡಿದೆ. ಅದರ ಕಣ್ಣು ಪತ್ತೇದಾರನ ಡಬ್ಬಿಯಲ್ಲಿರುವ ಸಾಲ್ಮನ್ ಮೀನಿನ ಉಂಡೆಯ ಮೇಲಿದೆ.

"ಹೇಗಿದ್ರೂ ಇವತ್ತು ಸಾಯೋರು ನೀವು. ನಿಮಗ್ಯಾಕೆ ಮೀನು? ಇಲ್ಲಿ ಕೊಡಿ."

"ಸಾಯೋನ ಕೊನೇ ಆಸೆ ಕಣಮ್ಮ ಇದು. ನೀನು ಸತ್ತು ನೂರು ವರ್ಷ ಆಯ್ತು, ನಿಂಗ್ಯಾಕೆ ತಿಂಡಿ?"

ಪತ್ತೇದಾರನ ಹೆಸರು ನೆಗಿಶಿ ಕೊಹೇಯಿ, ವಯಸ್ಸು ಅರವತ್ತೊಂದು. ಹೆಸರು ಕೇಳಿದರೆ ನಿಮಗೆ ಗೊತ್ತಾಗುವುದಿಲ್ಲ, ಮುಖ ನೋಡಿದರೆ "ಅಯ್ಯೋ, ಇವರಾ!" ಅನ್ನುತ್ತೀರಿ. ಮೂವತ್ತು ವರ್ಷದಿಂದ ನಮ್ಮ ದೆವ್ವದ ಸಿನಿಮಾಗಳಲ್ಲಿ ಇವರದು ಒಂದೇ ಪಾತ್ರ. ಮನೆಯಲ್ಲಿ ಮೂವರು ಸತ್ತಿದ್ದಾರೆ, ಗೋಡೆಯಿಂದ ನೀರು ಜಿನುಗುತ್ತಿದೆ, ಪಕ್ಕದ ಮನೆಯ ಅಜ್ಜಿ ಗಡಗಡ ನಡುಗುತ್ತಾ ಶಾಪದ ಕಥೆ ಹೇಳುತ್ತಿದ್ದಾಳೆ. ಆಗ ಮಾಸಲು ಕೋಟಿನ ಪತ್ತೇದಾರ ಬರುತ್ತಾನೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಕಡೆ ಬಗ್ಗಿ ನೋಡುತ್ತಾನೆ, "ದೆವ್ವವಂತೆ ದೆವ್ವ! ಯಾರೋ ಮನುಷ್ಯರೇ ಮಾಡಿರೋ ಕೆಲಸ ಇದು" ಅನ್ನುತ್ತಾನೆ. ಅಂದ ಮೇಲೆ ಅವನ ಕಥೆ ಮುಗಿದಂತೆಯೇ.

ಚಪ್ಪಲಿ ನೋಡುವುದನ್ನು ಇವರು ಒಬ್ಬ ನಿವೃತ್ತ ಪೊಲೀಸರಿಂದ ಕಲಿತರಂತೆ. "ನಿಜವಾದ ಪೊಲೀಸ್ರು ಮನೆ ಹೊಕ್ಕ ತಕ್ಷಣ ಒಳಗೆ ಎಷ್ಟು ಜನ ಇದಾರೆ ಅಂತ ಚಪ್ಪಲಿ ನೋಡಿ ತಿಳ್ಕೋತಾರೆ. ಆದ್ರೆ ನಮ್ಮೂರ ದೆವ್ವಗಳಿಗೆ ಕಾಲೇ ಇರಲ್ವಲ್ಲ, ಚಪ್ಪಲಿ ಎಲ್ಲಿಂದ ಬರ್ಬೇಕು? ಅದಕ್ಕೇ ನನ್ನ ಪತ್ತೇದಾರ ಪ್ರತಿ ಸಲ ಮೋಸ ಹೋಗ್ತಾನೆ, ಪಾಪ" ಎಂದು ನಗುತ್ತಾರೆ.

ಮೋಸ ಹೋಗಿ ಇವರು ಸಾಯದ ಜಾಗವಿಲ್ಲ. ಲಿಫ್ಟಿನಲ್ಲಿ ಸತ್ತಿದ್ದಾರೆ, ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದಾರೆ, ಹಾಸಿಗೆ ಮಡಚಿಡುವ ಗೋಡೆಕಪಾಟಿನೊಳಗೆ ಎಳೆಸಿಕೊಂಡು ಸೊಂಟ ಉಳುಕಿಸಿಕೊಂಡಿದ್ದಾರೆ. ಫೆಬ್ರವರಿಯ ಚಳಿಯಲ್ಲಿ ತಣ್ಣೀರಿನಲ್ಲಿ ಮುಳುಗಿ, ಹೊದಿಕೆ ಸುತ್ತಿಕೊಂಡು ನಡುಗುತ್ತಾ, "ಇನ್ನೊಂದ್ಸಲ ಸಾಯ್ಲಾ?" ಎಂದು ಕೇಳಿದವರು. ರೈಲಿನಲ್ಲಿ ಶಾಲೆಯ ಹುಡುಗಿಯರು ಇವರನ್ನು ಗುರುತು ಹಿಡಿದು, ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಾರಂತೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನೋ, ದೆವ್ವದ ಸಿನಿಮಾವನ್ನು ಬೆರಳಸಂದಿಯಲ್ಲಿ ನೋಡುವ ಪುಕ್ಕಲು ಹೆಂಗಸು. ಆ ಹುಡುಗಿಯರನ್ನು ಬೈಯಲು ನನಗೆ ಬಾಯಿಲ್ಲ.

ನಮ್ಮಲ್ಲಿ ಇಂಥ ಸಿನಿಮಾ ಶುರುವಾಗುವ ಮುಂಚೆ ಇಡೀ ತಂಡ ದೇವಸ್ಥಾನಕ್ಕೆ ಹೋಗಿ ದೃಷ್ಟಿದೋಷ ಕಳೆಯುವ ಪೂಜೆ ಮಾಡಿಸುತ್ತದೆ. ಪೂಜೆ ತಪ್ಪಿಸಿ ಸೆಟ್ಟಿಗೆ ಬರುವ ಧೈರ್ಯ ಲೈಟ್ ಹಿಡಿಯುವವರಿಗೂ ಇಲ್ಲ. ನೆಗಿಶಿ ಮಾತ್ರ ಗುಡಿಯ ಮೆಟ್ಟಿಲಲ್ಲಿ ಎಲ್ಲರ ಚಪ್ಪಲಿ ಕಾಯುತ್ತಾ ಕೂರುತ್ತಾರೆ.

"ಬೆಳಿಗ್ಗೆ ದೇವ್ರಿಗೆ ಕೈ ಮುಗಿದು, ಮಧ್ಯಾಹ್ನ ಕ್ಯಾಮೆರಾ ಮುಂದೆ ಇದೆಲ್ಲ ಸುಳ್ಳು ಅಂದ್ರೆ ಮುಖ ಹೇಳ್ಬಿಡುತ್ತೆ. ನಾನು ಒಂಚೂರೂ ನಂಬದೆ ಇದ್ರೆ ತಾನೇ ನೀವು ನನ್ನ ಬೆನ್ನ ಹಿಂದೆ ನೋಡಿ ಕಿರುಚೋದು? ಇದು ನನ್ನ ವ್ರತ ಅನ್ಕೊಳ್ಳಿ."

ಈ ವ್ರತದಿಂದ ಹೊಟ್ಟೆಗೆ ಮೋಸವಾಗಿಲ್ಲ. ಕೊರಗು ಒಂದೇ. ಹೆಂಡತಿ ಕಿನುಯೊ ಇವರ ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ಟಿಕೆಟ್ ತೆಗೆದುಕೊಂಡು ಹೋಗುತ್ತಾರೆ, ಕೂರುತ್ತಾರೆ, ಗಂಡ ಒಬ್ಬನೇ ಕತ್ತಲ ಕೋಣೆಯ ಕಡೆ ಹೆಜ್ಜೆ ಹಾಕಿದ ಕೂಡಲೇ ಎದ್ದು ಪಕ್ಕದ ಕಾಫಿ ಅಂಗಡಿಗೆ ನಡೆಯುತ್ತಾರೆ. ನಟರ ಕೊನೇ ದೃಶ್ಯ ಮುಗಿದಾಗ ತಂಡದವರು ಚಪ್ಪಾಳೆ ತಟ್ಟಿ ಹೂಗುಚ್ಛ ಕೊಡುವುದು ವಾಡಿಕೆ. ಈ ಮನೆಯಲ್ಲಿ ಆ ಹೂವಿಗೆ ಒಂದೇ ಅರ್ಥ: ಯಜಮಾನರು ಇವತ್ತು ಸತ್ತರು.

"ಒಂದ್ಸಲ, ಒಂದೇ ಒಂದ್ಸಲ, ಕೊನೇಲಿ ಹೆಸರುಗಳು ಬರೋ ತನಕ ಅವಳು ನನ್ನ ಪಕ್ಕ ಕೂತಿರ್ಬೇಕು. ಇನ್ನೇನೂ ಬೇಡ" ಎನ್ನುವಾಗ ನೆಗಿಶಿಯವರ ನಗು ಸ್ವಲ್ಪ ಮಂಕಾಗುತ್ತದೆ.

ಈ ಸಲ ನಾಚಿಕೆ ಬಿಟ್ಟು, ಪತ್ತೇದಾರನನ್ನು ಬದುಕಿಸಿ ಎಂದು ನಿರ್ದೇಶಕಿಯನ್ನು ಕೇಳಿಯೂ ಕೇಳಿದರಂತೆ. ಕಾಂಬೆ ಎಂಬ ಈ ನಿರ್ದೇಶಕಿಗೆ ಮೂವತ್ತರ ಆಸುಪಾಸು, ಬಾಯಿ ಜೋರು. "ನೆಗಿಶಿಯವರೇ, ಅನುಮಾನ ಪಡೋನೇ ಬದುಕಿಬಿಟ್ರೆ ದೆವ್ವಕ್ಕೇನು ಮರ್ಯಾದೆ? ನಿರ್ಮಾಪಕರು ನನ್ನನ್ನೇ ಸಾಯಿಸ್ತಾರೆ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಹಾಗಾಗಿ ಇವತ್ತು ಐದನೇ ಮಹಡಿಯ ಪಡಸಾಲೆಯಲ್ಲಿ ಸಾವು. ಮೂಲೆಯ ಬಕೆಟ್ಟಿನಲ್ಲಿ ಹೂಗುಚ್ಛವೂ ತಯಾರಾಗಿ ಕೂತಿದೆ.

ಕ್ಯಾಮೆರಾ ಓಡತೊಡಗುತ್ತದೆ. ಪಡಸಾಲೆಯ ಆ ತುದಿಯಿಂದ ದೆವ್ವ ತೇಲಿದಂತೆ ಬರುತ್ತದೆ. ಕ್ಲಿಪ್ಪು ತೆಗೆದು ಕೂದಲು ಇಳಿಬಿಟ್ಟ ಮಿಸುಜು ಎಂಬ ಈ ನಟಿ ಆಗಲೇ ಮೀನಿಗೆ ಜಗಳ ಆಡಿದವಳೆಂದು ನನಗೆ ಗೊತ್ತಿದ್ದರೂ ಬೆರಳಸಂದಿಯಲ್ಲೇ ನೋಡುತ್ತೇನೆ. ನೆಗಿಶಿ ಟಾರ್ಚ್ ಎತ್ತಿ, "ಆಟ ಸಾಕು. ಯಾರಮ್ಮ ನೀನು?" ಎನ್ನುತ್ತಾ ಹಿಂದೆ ಸರಿಯುತ್ತಾರೆ. ಕೋಟಿನ ಅಂಚು ತುಕ್ಕು ಹಿಡಿದ ಬಾಗಿಲ ಹಿಡಿಗೆ ಸಿಕ್ಕಿಕೊಳ್ಳುತ್ತದೆ. ಪರ್ರನೆ ಅದರ ಒಳಪದರ ಹರಿಯುತ್ತದೆ.

ಹರಿದ ಒಳಪದರದಿಂದ ರಕ್ಷೆಗಳು ಸುರಿಯುತ್ತವೆ. ದೇವಸ್ಥಾನದಲ್ಲಿ ಕೊಡುವ ಪುಟ್ಟ ಜರಿ ಚೀಲಗಳು, ಕೆಂಪು, ಹಸಿರು, ನೇರಳೆ. ಒಂದಲ್ಲ ಎರಡಲ್ಲ, ಪತ್ತೇದಾರನಿಗೂ ದೆವ್ವಕ್ಕೂ ನಡುವೆ ನೆಲದ ತುಂಬ.

ದೆವ್ವ ಗಕ್ಕನೆ ನಿಲ್ಲುತ್ತದೆ. ರಕ್ಷೆ ತುಳಿಯುವುದುಂಟೇ! ಕಾಲೇ ಇಲ್ಲದ ದೆವ್ವ ಸೀರೆ ಎತ್ತಿದಂತೆ ಬಿಳಿ ನಿಲುವಂಗಿ ಎತ್ತಿಕೊಂಡು, ಕಾಲು ಎಲ್ಲಿಡಲಿ ಎಂದು ಹುಡುಕಿ, ಜಾಗ ಸಿಗದೆ, ಅಭ್ಯಾಸಬಲದಿಂದ ನೆಲಕ್ಕೊಂದು ಸಣ್ಣ ನಮಸ್ಕಾರ ಹಾಕಿ ಎರಡು ಹೆಜ್ಜೆ ಹಿಂದೆ ಹೋಗುತ್ತದೆ.

ಯಾರೂ 'ಕಟ್' ಅನ್ನುವುದಿಲ್ಲ. ನೆಗಿಶಿ ಮೊಣಕಾಲೂರಿ ಒಂದು ರಕ್ಷೆ ಎತ್ತಿ ಟಾರ್ಚ್ ಬೆಳಕಿಗೆ ಹಿಡಿಯುತ್ತಾರೆ. ಅದರ ಮೇಲೆ 'ಸುಖಪ್ರಸವ' ಎಂದಿದೆ. ಹುಬ್ಬು ಮೇಲೇರುತ್ತದೆ.

"ಹೆಂಡ್ತಿ ಕೆಲಸ" ಎನ್ನುತ್ತಾರೆ, ಪತ್ತೇದಾರನ ದನಿಯಲ್ಲೇ. "ನಾನು ಇದನ್ನೆಲ್ಲ ನಂಬಲ್ಲ." ಆಮೇಲೆ ಒಂದೊಂದಾಗಿ ಆರಿಸಿ, ಧೂಳು ಒರೆಸಿ, ಜೇಬಿಗೆ ಹಾಕಿಕೊಂಡು ಏಳುತ್ತಾರೆ. "ಅವಳನ್ನ ನಂಬ್ತೀನಿ."

ದೆವ್ವದ ಪಕ್ಕದಲ್ಲೇ ನಡೆದು ಮೆಟ್ಟಿಲಿಳಿದು ಹೋಗುತ್ತಾರೆ. ದೆವ್ವ ಗೋಡೆಗೆ ಒತ್ತಿ ದಾರಿ ಬಿಡುತ್ತದೆ.

ಆಮೇಲೆ ಎದ್ದ ನಗುವನ್ನು ಏನೆಂದು ಹೇಳಲಿ! ಕ್ಯಾಮೆರಾದವರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಮಿಸುಜು ಮಾತ್ರ ಅಳುಮುಖ ಮಾಡಿಕೊಂಡು, "ತಪ್ಪಾಯ್ತು ಡೈರೆಕ್ಟ್ರೇ, ತುಳಿಯಕ್ಕೆ ಕಾಲೇ ಬರ್ಲಿಲ್ಲ, ಇನ್ನೊಂದ್ಸಲ ಮಾಡೋಣ" ಎನ್ನುತ್ತಾಳೆ. ಕಾಂಬೆ ತೆಗೆದದ್ದನ್ನು ಪುಟ್ಟ ಪರದೆಯಲ್ಲಿ ಮತ್ತೆ ಮತ್ತೆ ನೋಡುತ್ತಾಳೆ, ನಿರ್ಮಾಪಕರಿಗೂ ಕಳಿಸುತ್ತಾಳೆ. ಫೋನಿನ ಆ ಕಡೆಯಿಂದಲೂ ನಗು, ಹಿಂದೆಯೇ "ಹೀಗೇ ಇರ್ಲಿ" ಎಂಬ ಮಾತು ಕೇಳಿಸುತ್ತದೆ.

"ದೆವ್ವಾನೇ ದಾರಿ ಬಿಟ್ಮೇಲೆ ಸಾಯ್ಸೋಕೆ ನಾನ್ಯಾರು?" ಎಂದು ಅವಳು ಬಕೆಟ್ಟಿನ ಹೂವಿಗೆ ನೀರು ಹಾಕುತ್ತಾಳೆ. "ಹೂ ಇಲ್ಲೇ ಇರ್ಲಿ. ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ. ಕೊನೇ ದೃಶ್ಯದಲ್ಲಿ ಪತ್ತೇದಾರ ಮನೆಗೆ ಹೋಗ್ತಾನೆ."

ನೆಗಿಶಿ ಹರಿದ ಕೋಟನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ.

ಸಂಜೆ ಕೋಟಿನ ಜತೆ ನಾನೂ ಹೋಗುತ್ತೇನೆ. ಅಕಬಾನೆ ಸ್ಟೇಷನ್ನಿನ ಹಿಂದಿನ ಓಣಿಯ ಮನೆಯಲ್ಲೇ ಕಿನುಯೊ ಬಟ್ಟೆ ರಿಪೇರಿ ಅಂಗಡಿ ನಡೆಸುತ್ತಾರೆ. ಪ್ರತಿ ಸಿನಿಮಾದ ಸಾವಿನಲ್ಲಿ ಹರಿದ ಕೋಟು ಹೊಲಿಗೆಗೆ ಇಲ್ಲಿಗೇ ಬರುತ್ತದೆ. ಹೊಲಿಯುವಾಗೆಲ್ಲ ಒಳಗೆ ಒಂದು ಹೊಸ ರಕ್ಷೆ ಸೇರಿದೆ.

"ಹಳೇದನ್ನ ವರ್ಷಕ್ಕೊಂದ್ಸಲ ಗುಡಿಗೆ ವಾಪಸ್ ಕೊಡ್ಬೇಕಲ್ವಾ?" ಎಂದು ನಾನು ಕೇಳುತ್ತೇನೆ.

"ಕೆಲಸ ಮುಗಿದ್ರೆ ತಾನೇ ವಾಪಸ್ ಕೊಡೋದು? ಇವ್ರು ಪ್ರತಿ ಸಲ ಸಾಯ್ತಾನೇ ಇದ್ರು. ಈ ದೇವ್ರು ಆಗಲ್ಲ ಅಂದ್ರೆ ಇನ್ನೊಬ್ರು ಅಂತ ಹಾಕ್ತಾ ಹೋದೆ."

"ಸುಖಪ್ರಸವ ಯಾಕೆ ಹಾಕಿದ್ಯೇ?" ಎಂದು ಬಾಗಿಲಿನಿಂದ ಗಂಡನ ದನಿ.

"ಅವತ್ತು ಗುಡೀಲಿ ಬೇರೆ ಎಲ್ಲ ಖರ್ಚಾಗಿತ್ತು ಕಣ್ರೀ. ಜೀವಂತವಾಗಿ ಹೊರಗೆ ಬಂದ್ರೆ ಸಾಕು ಅಂತ ತಂದೆ." ಸೂಜಿಗೆ ದಾರ ಪೋಣಿಸುತ್ತಿದ್ದ ಕಿನುಯೊ ಆಗ ತಲೆಯೆತ್ತಿ ಗಂಡನ ಕೈ ನೋಡುತ್ತಾರೆ. "ರೀ, ಹೂವೆಲ್ಲಿ? ಇವತ್ತೇ ಅಂದಿದ್ರಿ?"

"ಹೂ ಕೊಡ್ಲಿಲ್ಲ."

"ಯಾಕಂತೆ?"

"ಸಾಯ್ಲಿಲ್ಲ ಕಣೇ."

ಕಿನುಯೊ ಸೂಜಿ ಕೆಳಗಿಡುತ್ತಾರೆ. ಕಣ್ಣೊರೆಸಿಕೊಳ್ಳುತ್ತಾರೆ.

"ಹಾಗಾದ್ರೆ ಕೊನೇಲಿ ಏನ್ ಮಾಡ್ತೀರಿ?"

ನೆಗಿಶಿ ಬಾಗಿಲಲ್ಲಿ ಬೂಟು ಕಳಚಿ, ಹೆಂಡತಿಯ ಚಪ್ಪಲಿಯ ಪಕ್ಕದಲ್ಲಿ ಜೋಡಿಸಿಡುತ್ತಾರೆ. "ಮನೆಗೆ ಬರ್ತೀನಿ" ಎನ್ನುತ್ತಾರೆ.