ಎರಡು ಇಪ್ಪತ್ತೈದರ ಲಾಂಗ್ ಬೆಲ್

ದೆವ್ವ, ಶಕುನ, ಅಶರೀರವಾಣಿ ಇವನ್ನೆಲ್ಲ ನಾನು ನಂಬಿದವನಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಸೀಟಿ, ಗಂಟೆ, ಗಡಿಯಾರ ಇವಿಷ್ಟೇ ನನ್ನ ನಂಬಿಕೆ. ಈಗಲೂ ಪೂರ್ತಿ ಬದಲಾಗಿದ್ದೇನೆಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನಡೆದದ್ದಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ.

2004ರ ಸುಮಾರಿಗೆ ನನ್ನ ಹೆಂಡತಿ ಪುಟ್ಟತಾಯಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಅದಕ್ಕೆ ಅಂಟಿಕೊಂಡಿರುವ ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳು ಆಮೇಲೆ ಕೆಲಸ ಮಾಡಲೇ ಇಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ತುಟಿ ಜುಮುಗುಡುತ್ತಿತ್ತು, ಬೆರಳು ಸೆಟೆಯುತ್ತಿತ್ತು. ಒಮ್ಮೆ ಫಿಟ್ಸೇ ಬಂದಿತ್ತು. ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ಕ್ಯಾಲ್ಸಿಟ್ರಿಯಾಲ್ ಎಂಬ ಮೆತ್ತನೆಯ ಕ್ಯಾಪ್ಸೂಲ್, ಬದುಕಿರುವವರೆಗೂ ತಪ್ಪಿಸುವಂತಿಲ್ಲ ಎಂದರು ಡಾಕ್ಟರು.

ಅವಳಿಗೆ ಮರೆವು. ನಾನು ಆಗಲೇ ರಿಟೈರ್ ಆಗಿ ಮನೆಯಲ್ಲಿದ್ದೆ; ಶಾಲೆಯಲ್ಲಿರುವಂಥದೇ ಕಂಚಿನ ಗಂಟೆಯೊಂದನ್ನು ತಂದು ಚಾಮರಾಜನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನೇತುಹಾಕಿದೆ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಎರಡೇ ಏಟು. "ಬಂದೆ ಮೇಷ್ಟ್ರೇ, ಆಬ್ಸೆಂಟ್ ಆಕ್ಬುಟ್ಟೀರಿ!" ಎನ್ನುತ್ತ ಅವಳು ಬರುತ್ತಿದ್ದಳು.

ಮುಂದಿನ ವರ್ಷ ಅವಳು ತನ್ನ ತಂಗಿಯ ಮಗಳ ಸೀಮಂತಕ್ಕೆಂದು ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗುಂಡ್ಲುಪೇಟೆಗೆ ಹೋದಳು. ಮನೆಯಲ್ಲಿ ನಾನೊಬ್ಬನೇ. ಆದರೂ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿದೆ. ಬಾರಿಸಿದರೆ ಅಲ್ಲಿ ಅವಳು ಮಾತ್ರೆ ನುಂಗಿದಳು ಎಂಬ ಸಮಾಧಾನ.

ಎರಡನೆಯ ದಿನ ಊಟವಾದ ಮೇಲೆ ಕುರ್ಚಿಯಲ್ಲೇ ನಿದ್ದೆ ಹತ್ತಿತು. ಹಗಲು ಮಲಗುವ ಅಭ್ಯಾಸ ನನಗಿಲ್ಲ. ಬೆಚ್ಚಿ ಎದ್ದಾಗ ಗಡಿಯಾರದಲ್ಲಿ ಎರಡು ಇಪ್ಪತ್ತೈದು. ನಿದ್ದೆಗಣ್ಣಿನಲ್ಲಿ ಗಂಟೆಯ ಬಳಿಗೆ ಓಡಿ, ಶಾಲೆ ಬಿಡುವಾಗ ಹೊಡೆಯುವಂತೆ ಬಿಡದೆ ಬಾರಿಸಿದೆ. ನಿಲ್ಲಿಸಿದ ಮೇಲೆ ನಾಚಿಕೆಯಾಯಿತು. ಸದ್ಯ, ಯಾರೂ ನೋಡಲಿಲ್ಲವಲ್ಲ ಎಂದುಕೊಂಡೆ.

ಸಂಜೆ ಫೋನ್ ಬಂತು. ಅವಳದೇ ದನಿ, ಸ್ವಲ್ಪ ಸೋತಿತ್ತು.

"ಯಾಕ್ರೀ ಇವತ್ತು ಅಷ್ಟು ತಡ ಮಾಡುದ್ರಿ? ಅದೂ ಲಾಂಗ್ ಬೆಲ್ಲು! ಇಸ್ಕೂಲೇ ಬುಟ್ಬುಟ್ರಾ?"

ಅವಳೇ ಮುಂದುವರಿಸಿದಳು. ಮನೆ ತುಂಬ ನೆಂಟರು. ಗದ್ದಲದಲ್ಲಿ ಹಿಂದಿನ ರಾತ್ರಿಯಿಂದ ಮಾತ್ರೆ ಮರೆತಿದ್ದಳು. ಹೂ ಕಟ್ಟುತ್ತಿದ್ದಾಗ ಬೆರಳು ಬಿಗಿಯತೊಡಗಿತು. ಕಟ್ಟಿ ಕಟ್ಟಿ ನೋವೆಂದು ಸುಮ್ಮನಿದ್ದಳಂತೆ. ಆಗ ಗಂಟೆ ಕೇಳಿಸಿತು. "ನಮ್ ಮೇಷ್ಟ್ರು ಬೆಲ್ ಒಡೀತಾವ್ರೆ, ನನ್ ಮಾತ್ರೆ!" ಎಂದು ಕೂಗಿ ಎದ್ದಳಂತೆ. ಅಷ್ಟರಲ್ಲಿ ಸೆಟೆದುಹೋಗಿದ್ದ ಬೆರಳುಗಳನ್ನು ಕಂಡು ತಂಗಿಯ ಗಂಡ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಕ್ಯಾಲ್ಸಿಯಂ ಡ್ರಿಪ್ ಹಾಕಿದರು. ಇನ್ನೂ ತಡವಾಗಿದ್ದರೆ ಫಿಟ್ಸ್ ಬರುತ್ತಿತ್ತು ಎಂದರಂತೆ.

"ಎಷ್ಟೊತ್ತಾಗಿತ್ತು?" ಎಂದೆ.

"ಎರಡೂವರೆಗೆ ಐದು ನಿಮಿಷ ಇತ್ತು. ಗಡಿಯಾರ ನೋಡೇ ಬೈದೆ ಕಣ್ರೀ ನಿಮ್ಮನ್ನ."

ದಿನದ ಅಭ್ಯಾಸದಿಂದ ಹಾಗೆ ಕೇಳಿಸಿರಬೇಕು ಎನ್ನೋಣವೆಂದರೆ, ಎರಡು ಗಂಟೆಗೆ ಎರಡು ಏಟು ಕೇಳಿಸಬೇಕಿತ್ತು. ನನ್ನ ತಡ, ನನ್ನ ತಪ್ಪು, ಎರಡೂ ಅವಳಿಗೆ ಹೇಗೆ ತಲುಪಿದವು?

ಮುಂದೆ ಬಾಣಂತಿಯನ್ನು ನೋಡಲು ಅವಳು ಮತ್ತೆ ಅಲ್ಲಿಗೆ ಹೋದಾಗ, ಬೇಕೆಂದೇ ಎರಡು ಗಂಟೆಗೆ ಲಾಂಗ್ ಬೆಲ್ ಬಾರಿಸಿದೆ. ಬಂದ ಮೇಲೆ ಕೇಳಿದರೆ, "ಏನೂ ಕೇಳ್ನಿಲ್ಲ. ಮಾತ್ರೆ ನನಗೇ ಗ್ಯಾಪ್ಕ ಇತ್ತಲ್ಲ," ಎಂದು ನಕ್ಕಳು.

ಅವಳಿಗೆ ಅದು ಅಲ್ಲಿಗೆ ಮುಗಿಯಿತು. ನನಗೆ ಮುಗಿದಿಲ್ಲ. ಅಂದಿನಿಂದ ನಾನು ಮಧ್ಯಾಹ್ನ ಕುರ್ಚಿಗೆ ಒರಗಿ ಕುಳಿತದ್ದಿಲ್ಲ.