ದಾಟದೆ ಮರಳಿದವರನ್ನು ಎಣಿಸಿದವರು

ನಗರ ಸಂಚಾರವೆಂದರೆ ವಾಹನಗಳ ಸಂಚಾರವೇ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ರಸ್ತೆಗೆ ಗಾಲಿಗಳಷ್ಟೇ ಕಾಲುಗಳೂ ಹಕ್ಕುದಾರರೆಂದು ಹಟ ಹಿಡಿದು ಕಡತದಲ್ಲಿ ಬರೆಸಿದವರ ಪೈಕಿ, ಈ ತಿಂಗಳು ನಿವೃತ್ತರಾಗುತ್ತಿರುವ ಸಿಗ್ನಲ್ ವಿಭಾಗದ ಹಿರಿಯ ಎಂಜಿನಿಯರ್ ಮೇಡಂ ಅವರು ಮೊದಲ ಸಾಲಿನವರು. ಏನು ಹೇಳಿದರೂ ಅವರ ಬಾಯಿಂದ ಬರುವ ಮೊದಲ ಮಾತು "ಯಾಕೆ?" ಎಂಬುದೇ ಆದ್ದರಿಂದ, ಬೆನ್ನ ಹಿಂದೆ ಅವರು 'ಯಾಕೆ ಮೇಡಂ'. ಅದು ಅವರಿಗೂ ಗೊತ್ತು.

ಮೂವತ್ತನಾಲ್ಕು ವರ್ಷಗಳ ಹಿಂದೆ ಕಿರಿಯ ಎಂಜಿನಿಯರಾಗಿ ಸೇರಿದಾಗ ಅವರ ಪಾಲಿಗೆ ಬಂದದ್ದು ನಾಲ್ಕು ರಸ್ತೆ ಕೂಡುವಲ್ಲಿ ನಿಂತು ವಾಹನ ಎಣಿಸುವ ಕೆಲಸ. ಮುಂದೆ ಅಧಿಕಾರ ಬಂದ ಮೇಲೂ, ಕೈಕೆಳಗಿನವರನ್ನು ನೆರಳಿಗೆ ಕಳುಹಿಸಿ ಬಿಸಿಲಿನ ಪಾಳಿಗೆ ತಾವೇ ನಿಲ್ಲುತ್ತಿದ್ದರು. "ನೆರಳಲ್ಲಿ ನಿಂತ್ರೆ ನಂಗೆ ಆ ಕಡೆ ಏನಾಗ್ತಿದೆ ಅಂತ ಕಾಣಲ್ಲಪ್ಪ" ಎಂದು ಹೇಳಿ ಆ ಉಪಕಾರವನ್ನು ಮರೆಮಾಚುತ್ತಿದ್ದರು.

ಆರು ವರ್ಷಗಳ ಹಿಂದೆ ಹಳೆಯ ಪೇಟೆಬೀದಿ ಆರು ಪಥಗಳ ಹೆದ್ದಾರಿಯಷ್ಟು ಅಗಲವಾಯಿತು. ನಡೆದು ದಾಟುವವರಿಗೆ ಸಿಕ್ಕಿದ್ದು ಹದಿನೆಂಟು ಸೆಕೆಂಡು. ದಿನವೂ ಬೆಳಿಗ್ಗೆ ಸಿಗ್ನಲ್ ಕಂಬದ ಪಕ್ಕ ನಿಂತು, ದೀಪ ನಾಲ್ಕಾರು ಸಲ ಹಸಿರಾದರೂ ಹೆಜ್ಜೆಯಿಡದೆ ಹಿಂದಿರುಗುತ್ತಿದ್ದ ವೃದ್ಧರೊಬ್ಬರು, ಗಡಿಯಾರ ರಿಪೇರಿಯವರು, ಮೇಡಂ ಕಣ್ಣಿಗೆ ಬಿದ್ದರು.

"ಯಜಮಾನ್ರೇ, ಬಸ್ಸಿಗೆ ಕಾಯ್ತಿದೀರಾ?"

"ಇಲ್ಲಮ್ಮ, ಧೈರ್ಯಕ್ಕೆ. ನಮ್ಮಕ್ಕ ಎದುರು ಕಟ್ಟಡದಲ್ಲೇ ಇದಾಳೆ. ಮುಖ ನೋಡಿ ಎಂಟು ತಿಂಗಳಾಯ್ತು. ನಾನು ಅರ್ಧ ದಾಟೋದ್ರೊಳಗೆ ಕೆಂಪಾಗುತ್ತೆ. ಫೋನಲ್ಲಿ, ಅಂಗಡೀಲಿ ಪುರುಸೊತ್ತಿಲ್ಲ ಅಂತ ಸುಳ್ಳು ಹೇಳ್ತಿದೀನಿ."

ಮೇಡಂ ಅವರಿಗೆ ನಾಚಿಕೆಯಾಯಿತು. ದಾಟಿದವರನ್ನು ಎಣಿಸಲು ನಮೂನೆಯಲ್ಲಿ ಅಂಕಣವಿತ್ತು. ದಾಟಲಾಗದೆ ಮರಳಿದವರಿಗೆ, ಅವರು ಅಷ್ಟು ವರ್ಷ ತುಂಬಿದ ಯಾವ ಹಾಳೆಯಲ್ಲೂ ಜಾಗವಿರಲಿಲ್ಲ. ಪೆನ್ನಿನಿಂದ ಗೆರೆ ಎಳೆದು ಹೊಸ ಅಂಕಣ ಮಾಡಿಕೊಂಡು, ಹನ್ನೊಂದು ದಿನ, ಬೆಳಿಗ್ಗೆ ಈ ಬದಿ, ಸಂಜೆ ಆ ಬದಿ ನಿಂತರು.

"ದಾಟದೇ ಇರೋರನ್ನ ಎಣಿಸ್ತೀರೇನ್ರೀ?" ಎಂದು ಮೇಲಧಿಕಾರಿಗಳು ನಕ್ಕರು. ಮೇಡಂ ಕೇಳಿದಂತೆ ನಡೆಯುವವರಿಗೆ ಹದಿನಾಲ್ಕು ಸೆಕೆಂಡು ಹೆಚ್ಚಿಸಿದರೆ ವಾಹನಗಳ ಸಾಲು ಮುಂದಿನ ವೃತ್ತ ಮುಟ್ಟುವುದೆಂದರು. ಮೇಡಂ ಪಟ್ಟು ಬಿಡದೆ ಒಂದು ವಾರದ ಪ್ರಯೋಗಕ್ಕೆ ಒಪ್ಪಿಸಿದರು. ಮೊದಲ ದಿನ ಸಾಲು ನಿಜಕ್ಕೂ ವೃತ್ತ ಮುಟ್ಟಿತು. ಬೈಗುಳ ತಿಂದು, ತಿರುಗುವ ವಾಹನಗಳ ದೀಪದಿಂದ ಒಂದಿಷ್ಟು ಸೆಕೆಂಡು ಕಿತ್ತು ನೇರ ಹೋಗುವವುಗಳಿಗೆ ಸೇರಿಸಿದರು. ಮೂರನೆಯ ದಿನಕ್ಕೆ ಸರಿಹೋಯಿತು.

ನಾಲ್ಕನೆಯ ದಿನ ಆ ವೃದ್ಧರು ದಾಟಿದರು. ಮೇಡಂ ಸ್ಟಾಪ್‌ವಾಚ್ ಹಿಡಿದು ವೃದ್ಧರ ಹಿಂದೆಯೇ ನಡೆದು ಅಕ್ಕನ ಬಾಗಿಲವರೆಗೂ ಹೋದರು. ತಮ್ಮನನ್ನು ಬೈಯಲು ಬಾಯಿ ತೆರೆದ ಅಕ್ಕ, ಮೇಡಂ ಅವರನ್ನು ಕಂಡು ತಡೆದುಕೊಂಡರು.

"ಸಂಜೆ ಹೊತ್ತು ಈ ಕಡೆ ಕಂಬದ ಹತ್ರ ನಿಂತು ಬರ್ಕೋತಿದ್ದೋರು ನೀವೇ ಅಲ್ವಾ? ದಿನಾ ಬಂದು ವಾಪಸ್ ಹೋಗ್ತಿದ್ದೆ. ನನ್ನನ್ನೂ ಬರ್ಕೊಂಡ್ರಾ?"

"ಬರ್ಕೊಂಡಿದೀನಮ್ಮ."

"ಮಂಡಿನೋವು, ಅದಕ್ಕೇ ಬರ್ತಿಲ್ಲ ಅಂದಿದ್ಯಲ್ಲೇ ಅಕ್ಕ" ಎಂದರು ತಮ್ಮ.

"ನಿನ್ನ ಅಂಗಡಿಗೆ ಇವತ್ತು ಪುರುಸೊತ್ತು ಸಿಕ್ತಾ?" ಎಂದರು ಅಕ್ಕ.

ಆ ಅಂಕಣ ಇಂದು ನಮ್ಮ ವಿಭಾಗದ ಎಲ್ಲ ನಮೂನೆಗಳಲ್ಲೂ ಅಚ್ಚಾಗಿದೆ. ನಿವೃತ್ತಿಯ ನಂತರ ಏನು ಮಾಡುವಿರೆಂದು ಕೇಳಿದರೆ, ಹೊಸ ರೈಲು ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಹೆಂಗಸೊಬ್ಬರು ದಿನವೂ ನಿಂತು ಮರಳುತ್ತಾರೆ, ಯಾಕೆಂದು ಕೇಳಬೇಕು ಎಂದಿದ್ದಾರೆ. ಮೇಡಂ ನೂರ್ಕಾಲ ಬಾಳಲಿ. ಆ ಹೆಂಗಸು ಮೇಲೇರುವವರೆಗಂತೂ ಅವರ ಕಾಲಿಗೂ ಕುತೂಹಲಕ್ಕೂ ದಣಿವು ಬಾರದಿರಲಿ.