ಎರಡು ನಿಮಿಷದ ದೆವ್ವ

ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಒಂದೇ ಒಂದು ಧರ್ಮ, ಯಾರ ಮುಖವೂ ಬಿಟ್ಟುಹೋಗಬಾರದು. ಓಣಿಯವರೆಲ್ಲ ವಿಡಿಯೋ ಮಾವ ಎಂದು ಕರೆಯುವ ನಮ್ಮ ಆಸಾಮಿ ಇದನ್ನು ಪೆಟ್ಟು ತಿಂದು ಕಲಿತವನು. ಒಮ್ಮೆ ಹುಡುಗಿಯ ಸೋದರಮಾವನನ್ನು ಬಿಟ್ಟದ್ದಕ್ಕೆ ಆ ಪುಣ್ಯಾತ್ಮ ಅಂಗಡಿಗೇ ಬಂದು ಜನ್ಮ ಜಾಲಾಡಿದ್ದ. ಅಂದಿನಿಂದ ಊಟದ ಸಾಲಿನ ಕೊನೆಯ ಮುದುಕನನ್ನೂ ಇವನು ಬಿಟ್ಟವನಲ್ಲ.

ಇಂಥವನಿಗೆ ದೆವ್ವದ ಸಿನಿಮಾ ಮಾಡುವ ಹುಚ್ಚು. ಅದೂ ಎರಡೇ ನಿಮಿಷದ್ದು. ರಜೆ ಸಿಕ್ಕಾಗ ಮನೆಯವರನ್ನೇ ನಿಲ್ಲಿಸಿ ತೆಗೆಯುತ್ತಿದ್ದ. ನಾಲ್ಕು ಸಿನಿಮಾ ಆಯಿತು, ಹೆದರಿದವರು ಒಬ್ಬರೂ ಇಲ್ಲ. ಹೆದರುವುದಾದರೂ ಹೇಗೆ? ಬಾಗಿಲು ತೆರೆದವನು ಯಾರು, ಅವನ ತಂಗಿ ಯಾರು, ಸತ್ತ ಅಜ್ಜಿ ಯಾರು ಎಂದು ಪರಿಚಯ ಮಾಡಿಕೊಡುವಷ್ಟರಲ್ಲಿ ಮುಕ್ಕಾಲು ಸಿನಿಮಾ ಮುಗಿದಿರುತ್ತಿತ್ತು. ಪಾಪ, ದೆವ್ವ ಓಡೋಡಿ ಬಂದು ಹಾಜರಿ ಹಾಕಿ ಹೋಗಬೇಕು. ನೋಡಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಒಳಗೊಳಗೇ ಚುರುಕ್ ಎನ್ನುತ್ತಿತ್ತು. ಒಂದು ಸಲವಾದರೂ, ಒಬ್ಬರನ್ನಾದರೂ ಹೆದರಿಸಬೇಕು. ಅವನಿಗೆ ಬೇಕಾಗಿದ್ದು ಅಷ್ಟೇ.

ಐದನೆಯದಕ್ಕೆ ಅವನ ಅತ್ತಿಗೆಯೇ ದೆವ್ವ. ಕೂಡುಕುಟುಂಬದ ಹಿರಿಯಾಕೆ, ದೆವ್ವವಾಗುವುದಕ್ಕೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಪೌಡರ್ ಬಳಿದುಕೊಂಡು ಬಂದರು. ಮಲಗಿದವಳ ಹೊದಿಕೆಯನ್ನು ಮಂಚದ ಕೆಳಗಿನಿಂದ ಎಳೆದು, ಕಾಲು ಹಿಡಿದು, ಆಮೇಲೆ ಮುಖ ತೋರಿಸುವುದು ಅವರ ಕೆಲಸ. ತಾನು ಸಿನಿಮಾದಲ್ಲಿದ್ದೇನೆಂದು ಓಣಿಗೆಲ್ಲ ಡಂಗುರ ಸಾರಿದ್ದೂ ಆಯಿತು.

ಜೋಡಿಸಿದ್ದನ್ನು ಮೊದಲು ಹೆಂಡತಿಗೆ ತೋರಿಸಿದ. ಮಲಗಿದವಳ ಪಾತ್ರ ಅವಳದೇ.

"ರೀ, ಆ ಕೈ ಬಂದಾಗ ಎದೆ ಧಸಕ್ ಅಂತು. ಆಮೇಲೆ ಅಕ್ಕನ ಮುಖ ಬಂತಲ್ಲ, ಇನ್ನೇನು 'ಏಳೇ, ಹಾಲು ಉಕ್ತಾ ಇದೆ' ಅಂತಾರೇನೋ ಅನ್ನಿಸ್ತು."

"ಹಾಗಾದ್ರೆ ಮುಖ ತೆಗೀಲಾ?"

"ತೆಗೀರಿ. ಆಮೇಲೆ ಅಡುಗೆಮನೇಲಿ ಅವರ ಜೊತೆ ಇರೋಳು ನಾನು, ಅದೊಂದು ನೆನಪಿರ್ಲಿ."

ಮುಖ ಇಟ್ಟರೆ ಸಿನಿಮಾ ಸತ್ತಂತೆ, ತೆಗೆದರೆ ಅತ್ತಿಗೆಯ ಮನಸ್ಸು ಮುರಿದಂತೆ. ತಾಯಿ ಹೋದ ಮೇಲೆ ಅವನನ್ನು ಸಾಕಿದವರು ಅವರು, ನೋಯಿಸಲು ಅವನಿಗೆ ನಿಜವಾಗಿಯೂ ಭಯ. ಅಳೆದೂ ಸುರಿದೂ ಕೊನೆಗೆ ತೆಗೆದೇಬಿಟ್ಟ. ಆ ಒಂದು ಮುಖ ಹೋದದ್ದೇ ತಡ, ಉಳಿದ ಪರಿಚಯಗಳೆಲ್ಲ ತಾವಾಗಿಯೇ ಉದುರಿದವು. ಒಬ್ಬಳು ಮಲಗಿದ್ದಾಳೆ, ಹೊದಿಕೆ ಜಾರುತ್ತಿದೆ. ಅವಳು ಯಾರ ಮಗಳಾದರೇನು?

ಭಾನುವಾರ ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಟಿವಿಯಲ್ಲಿ ಹಾಕಿದ. ಅತ್ತಿಗೆ ಪಕ್ಕದ ಮನೆಯಾಕೆಯನ್ನೂ ಕರೆತಂದು ಮುಂದಿನ ಸಾಲಿನಲ್ಲೇ ಕೂತರು. ಅವನು ಟಿವಿ ನೋಡದೆ ಅತ್ತಿಗೆಯನ್ನೇ ನೋಡುತ್ತ ನಿಂತ. ಹೊದಿಕೆ ಜಾರಿತು. ಮಂಚದ ಕೆಳಗಿನಿಂದ ಕೈ ಬಂದು ಕಾಲು ಹಿಡಿಯಿತು. ಅಲ್ಲಿಗೇ ಎಲ್ಲ ಕಪ್ಪಾಯಿತು. ಪಕ್ಕದ ಮನೆಯಾಕೆ ಕಾಲೆರಡನ್ನೂ ಕುರ್ಚಿಯ ಮೇಲೆ ಎತ್ತಿಕೊಂಡಿದ್ದರು, ಅತ್ತಿಗೆ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಅಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದರು. ಯಾರೂ ನಗಲಿಲ್ಲ.

"ಯಾರ್ದೋ ಆ ಕೈ?" ಅತ್ತಿಗೆ ಹಿಡಿದ ತೋಳು ಬಿಡದೆ ಕೇಳಿದರು. "ನನ್ನ ತೆಗೆದುಹಾಕಿ ಯಾವಳನ್ನ ಕರ್ಕೊಂಡ್ ಬಂದೆ?"

"ನಿಮ್ದೇ ಅತ್ತಿಗೆ ಅದು."

ಅತ್ತಿಗೆ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮುಖ ಎಲ್ಲಿ ಎಂದು ಕೇಳುವುದೇ ಮರೆತುಹೋಯಿತು. ಆಮೇಲೆ ಆ ಕೈಯನ್ನು ಮೆಲ್ಲಗೆ ಒಯ್ದು ಪಕ್ಕದ ಮನೆಯಾಕೆಯ ಭುಜದ ಮೇಲಿಟ್ಟರು. ಆಕೆ ಕಿಟಾರನೆ ಕಿರುಚಿಕೊಂಡರು.

"ಇನ್ನೊಂದ್ಸಲ ಹಾಕೋ," ಎಂದರು ಅತ್ತಿಗೆ.